ನಿಕಲ್ಲನ್ನು ಕೊಂದ ಕುಸುಬಿ ಎಣ್ಣೆ

ಒಂದು ಡಬ್ಬಿ ಎಣ್ಣೆಯನ್ನು ಪರೀಕ್ಷಿಸಿ ಮೂರು ತಾಲ್ಲೂಕುಗಳ ಮೇಲೆ ತೀರ್ಪು ಬರೆಯುವ ಅಧಿಕಾರವನ್ನು ವಿಜ್ಞಾನಿಗೆ ಕೊಟ್ಟವರು ಯಾರು? ಈ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ನನ್ನ ಮೇಲಧಿಕಾರಿಯನ್ನು, ಹೈದರಾಬಾದಿನ ಸರ್ಕಾರಿ ಪ್ರಯೋಗಾಲಯವೊಂದರ ಅವರ ಕೋಣೆಯಲ್ಲಿ. ಕುಳಿತುಕೊಳ್ಳಿ ಎಂದು ಅವರು ಹೇಳಿದರು. ಕುಳಿತರೆ ನನ್ನ ದನಿ ತಗ್ಗುತ್ತದೆಂದು ನಿಂತೇ ಇದ್ದೆ. ಅವರ ಮೇಜಿನ ಮೇಲಿದ್ದ ವರದಿ ಹೀಗೆ ಮುಗಿದಿತ್ತು: “ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳ ಕುಸುಬಿ ಎಣ್ಣೆ ಗಟ್ಟಿಗೊಳಿಸುವ ಉದ್ಯಮಕ್ಕೆ ಅಯೋಗ್ಯ.”

ಆ ವಾಕ್ಯ ಅಲ್ಲಿಂದ ಹೋಗಬೇಕಿತ್ತು, ಅದೂ ಬೇಗ. ಭಾಷಾವಾರು ರಾಜ್ಯಗಳು ರೂಪುಗೊಳ್ಳುತ್ತಿದ್ದ ಕಾಲ. ಹೈದರಾಬಾದ್ ರಾಜ್ಯ ಮೂರು ಪಾಲಾಗುವುದು ನಿಶ್ಚಯವಾಗಿತ್ತು. ನಮ್ಮ ಪ್ರಯೋಗಾಲಯದ ಗಾಜಿನ ಸಾಮಾನುಗಳ ಮೇಲೂ ಸೀಮೆಸುಣ್ಣದ ಗುರುತು ಬಿದ್ದಿತ್ತು: ಇದು ಮುಂಬಯಿಗೆ, ಇದು ಆಂಧ್ರಕ್ಕೆ, ಇದು ಮೈಸೂರಿಗೆ. ನಾನು ಮೈಸೂರಿನ ಪಾಲಿಗೆ ಬಂದಿದ್ದೆ. ಆ ವರದಿಯೂ ಅದೇ ಪಾಲಿಗೆ ಬಿದ್ದಿತ್ತು. ಕನ್ನಡದ ಜನ ಒಂದೇ ಆಡಳಿತದ ಕೆಳಗೆ ಬರಬೇಕೆಂದು ವಿದ್ಯಾರ್ಥಿಗಳಾಗಿದ್ದಾಗ ಬೀದಿಯಲ್ಲಿ ಕೂಗಿದವರು ನಾವು. ಈಗ ಹೊಸ ರಾಜ್ಯಕ್ಕೆ ನಮ್ಮ ಸೀಮೆಯಿಂದ ಹೋಗುವ ಮೊದಲ ಕಾಗದಗಳಲ್ಲೊಂದು, ನಮ್ಮ ಎಣ್ಣೆ ಕೆಟ್ಟದ್ದು ಎಂದು ಸಾರಲಿತ್ತು. ಎಣ್ಣೆ ಗಟ್ಟಿಗೊಳಿಸುವ ಕಾರ್ಖಾನೆಯೊಂದನ್ನು ಎಲ್ಲಿ ಕಟ್ಟಬೇಕೆಂಬ ಚರ್ಚೆ ನಡೆಯುತ್ತಿತ್ತು. ಆ ವಾಕ್ಯ ಉಳಿದರೆ ಯಾದಗಿರಿಯ ಹೆಸರನ್ನು ಯಾರೂ ಮತ್ತೆ ಎತ್ತುವುದಿಲ್ಲವೆಂಬುದು ಸ್ಪಷ್ಟವಿತ್ತು.

ಆ ವಾಕ್ಯ ಹುಟ್ಟಿದ ಬಗೆಯನ್ನು ಹೇಳಬೇಕಾದರೆ ನನ್ನ ಕೆಲಸವನ್ನು ಹೇಳಬೇಕು. ಎಣ್ಣೆಯನ್ನು ಕಾಯಿಸಿ ಅದರೊಳಗೆ ಹೈಡ್ರೋಜನ್ ಅನಿಲ ಹಾಯಿಸಿದರೆ ಏನೂ ಆಗುವುದಿಲ್ಲ. ಗುಳ್ಳೆಗಳು ಬಂದ ದಾರಿಯಲ್ಲೇ ಹೊರಟುಹೋಗುತ್ತವೆ. ಅದೇ ಎಣ್ಣೆಗೆ ಹಿಟ್ಟಿನಷ್ಟು ನುಣ್ಣನೆಯ ನಿಕಲ್ ಲೋಹವನ್ನು ಚಿಟಿಕೆಯಷ್ಟು ಸೇರಿಸಿದರೆ ಅನಿಲ ಎಣ್ಣೆಯಲ್ಲಿ ಕೂಡಿಕೊಳ್ಳುತ್ತದೆ, ಆರಿದಾಗ ಎಣ್ಣೆ ತುಪ್ಪದಂತೆ ಗಟ್ಟಿಯಾಗುತ್ತದೆ. ಅಂಗಡಿಯಲ್ಲಿ ಡಬ್ಬಿಗಟ್ಟಲೆ ಮಾರುವ ವನಸ್ಪತಿ ಇದೇ. ನಿಕಲ್ ಮಾತ್ರ ಖರ್ಚಾಗದೆ ಉಳಿಯುತ್ತದೆ. ಶಾಲೆಯಲ್ಲಿ ಉರ್ದುವಿನಲ್ಲಿ ವಿಜ್ಞಾನ ಓದಿದಾಗ ಇಂಥ ವಸ್ತುವನ್ನು ಅಮಲ್-ಅಂಗೇಜ್ ಎಂದು ಕಲಿತಿದ್ದೆ. ವಿಶ್ವವಿದ್ಯಾಲಯಕ್ಕೆ ಬರುವಷ್ಟರಲ್ಲಿ ಆಡಳಿತ ಬದಲಾಗಿ ಪಾಠ ಇಂಗ್ಲಿಷಿಗೆ ಹೊರಳಿತ್ತು. ಅಲ್ಲಿ ಅದು ಕ್ಯಾಟಲಿಸ್ಟ್ ಆಯಿತು. ವೇಗವರ್ಧಕ ಎಂಬ ಕನ್ನಡ ಪದ ನನಗೆ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. ಆದರೆ ಈ ಮೂರರಲ್ಲಿ ಯಾವುದೂ ನನ್ನ ಮನಸ್ಸಿಗೆ ಆ ವಸ್ತುವಿನ ಚಿತ್ರ ಕೊಡಲಿಲ್ಲ. ಚಿತ್ರ ಕೊಟ್ಟದ್ದು ಕೃಷ್ಣೆಯ ಹರಿಗೋಲು. ಜನರನ್ನು ಈ ದಡದಲ್ಲಿ ಹತ್ತಿಸಿಕೊಂಡು ಆ ದಡದಲ್ಲಿ ಇಳಿಸಿ ಖಾಲಿಯಾಗಿ ಮರಳುತ್ತದೆ. ಎಷ್ಟು ಮಂದಿ ದಾಟಿದರೂ ಹರಿಗೋಲು ಹರಿಗೋಲಾಗಿಯೇ ಇರುತ್ತದೆ. ನಿಕಲ್ಲಿನ ಮೈಮೇಲೆ ನಡೆಯುವುದೂ ಅಷ್ಟೇ. ಆದರೆ ಹತ್ತಿದವನು ಇಳಿಯಲೊಲ್ಲೆನೆಂದು ಕುಳಿತರೆ? ಗಂಧಕದ ಅಣುಗಳು ಅಂಥ ಪ್ರಯಾಣಿಕರು. ಕೆಲವೇ ಸಾಕು, ಹರಿಗೋಲು ತುಂಬಿ ದಡದಲ್ಲೇ ನಿಲ್ಲುತ್ತದೆ. ಇದನ್ನು ನಾವು ವಿಷವೇರುವುದು ಎನ್ನುತ್ತೇವೆ.

ನುಣ್ಣನೆಯ ಲೋಹದ ಪುಡಿ ಗಂಟುಗಟ್ಟದಂತೆ ಹರಡಿ ಹಿಡಿಯಲು ಒಂದು ಆಸರೆ ಬೇಕು. ಅದಕ್ಕೆ ಹಡಗಿನಲ್ಲಿ ಬರುವ ವಿದೇಶಿ ಪುಡಿಯನ್ನು ಬಳಸುವುದು ರೂಢಿ. ನಾನು ಶಹಾಪುರದ ಕಡೆ ಗೋಡೆ ಸಾರಿಸಲು ಬಳಸುವ ಬಿಳಿ ಮಣ್ಣನ್ನು ತರಿಸಿ, ಆಮ್ಲದಲ್ಲಿ ತೊಳೆದು, ಒಣಗಿಸಿ, ಅದರ ಮೇಲೆ ನಿಕಲ್ಲನ್ನು ಕೂರಿಸಿದೆ. ಅದು ಕೆಲಸ ಮಾಡೀತೇ ಎಂಬುದೊಂದೇ ನನ್ನ ಕುತೂಹಲವಾಗಿತ್ತು. ಮಾಡಿತು. ಆ ನಿಕಲ್ ಹಾಕಿ ಹೈಡ್ರೋಜನ್ ಹಾಯಿಸಿದ ಬೇರೆ ಕಡೆಯ ಶೇಂಗಾ ಎಣ್ಣೆಯ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿ ಕಾದೆ; ಅದು ಅಂಚಿನಿಂದ ಒಳಕ್ಕೆ ಬೆಳ್ಳಗಾಗುತ್ತ ಬಂದು ಹೆಪ್ಪಾಯಿತು. ನಾನು ಹುಟ್ಟಿದ್ದು ಶಹಾಪುರ ತಾಲ್ಲೂಕಿನ ಸಗರದಲ್ಲಿ. ನಮ್ಮ ಮನೆಯ ಗೋಡೆಗೆ ಹಚ್ಚಿದ್ದ ಮಣ್ಣು ಇಂಥ ಕೆಲಸ ಮಾಡಬಲ್ಲದೆಂದು ನೋಡಿದಾಗ, ನಮ್ಮ ಎರೆಹೊಲದ ಕುಸುಬಿಯನ್ನೂ ಪರೀಕ್ಷಿಸಬೇಕೆನಿಸಿತು. ಮೇಲಧಿಕಾರಿಗಳು ಒಪ್ಪಿ ಮಾದರಿ ತರಿಸಿದರು. ಸುರಪುರದಿಂದ ಒಂದು ಡಬ್ಬಿ ಬಂತು.

ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಊರನ್ನು ನೆನಪಿಸಿತು. ಚಿಕ್ಕಂದಿನಿಂದ ನಾನು ಬಲ್ಲ ಎಣ್ಣೆಯ ವಾಸನೆ ಅದೇ. ಮೇಲಧಿಕಾರಿಗಳು ಮೂಗು ಮುಚ್ಚಿಕೊಂಡು, “ಮಿಯಾಂ, ನಿಮ್ಮ ಕಡೆಯ ಎಣ್ಣೆ ಹೀಗೇ ನಾರುತ್ತದೆಯೇ?” ಎಂದು ಉರ್ದುವಿನಲ್ಲಿ ಕೇಳಿದರು. ಹೌದು, ನಮ್ಮ ಎಣ್ಣೆ ಹೀಗೇ ಇರುತ್ತದೆ ಎಂದು ನಾನು ಸ್ವಲ್ಪ ಬಿಗುವಿನಿಂದಲೇ ಹೇಳಿದೆ.

ನಿಕಲ್ ಸತ್ತಿತು. ಹೊಸದಾಗಿ ಮಾಡಿ ಹಾಕಿದೆ, ಅದೂ ಸತ್ತಿತು. ಎಣ್ಣೆ ಎಣ್ಣೆಯಾಗಿಯೇ ಉಳಿಯಿತು. ಮೇಲಧಿಕಾರಿಗಳು ನೋಡಿ ನಕ್ಕರು. ನಂತರ ವರದಿ ಬರೆದರು. ಅವರು ಕೆಟ್ಟ ಮನುಷ್ಯರಲ್ಲ. ಕೈಕೆಳಗಿನವರ ಗಾಜು ಒಡೆದರೆ ಬೈಯದವರು. ಅವರ ಪ್ರೀತಿಯ ತಕ್ಕಡಿ ಮುಂಬಯಿಯ ಪಾಲಾಗಿತ್ತು. ಮನಸ್ಸು ಬೇರೆಡೆ ಇತ್ತೇನೋ. ಆದರೆ ಮನಸ್ಸು ಬೇರೆಡೆ ಇದ್ದಾಗ ಬರೆದ ವಾಕ್ಯವೂ ಸರ್ಕಾರದ ವಾಕ್ಯವೇ ಆಗುತ್ತದೆ. ಹೀಗೆಂದು ಹೇಳಲು ನಾನು ಅವರೆದುರು ಆ ದಿನ ನಿಂತಿದ್ದೆ.

“ನಿಮ್ಮ ಸಿಟ್ಟಿಗೆ ಪುರಾವೆ ಏನು?” ಎಂದು ಅವರು ಕೇಳಿದರು. “ನಿಕಲ್ ಸತ್ತದ್ದು ನಿಮ್ಮ ಕಣ್ಣೆದುರೇ.”

“ಸತ್ತದ್ದು ಯಾಕೆಂದು ನಾವು ಕೇಳಿಲ್ಲ.”

“ಹಾಗಾದರೆ ಕೇಳಿ ಬನ್ನಿ. ಮೈಸೂರಿಗೆ ಹೋಗುವ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುವ ಮುಂಚೆ ಬಂದರೆ ಒಳ್ಳೆಯದು.”

ಕೇಳುವ ಕೆಲಸವನ್ನು ನಾನು ಸತ್ತ ನಿಕಲ್ಲಿನಿಂದಲೇ ಆರಂಭಿಸಿದೆ. ಅದನ್ನು ಎಣ್ಣೆಯಿಂದ ಸೋಸಿ, ತೊಳೆದು, ಆಮ್ಲದಲ್ಲಿ ಕರಗಿಸಿದೆ. ಮೇಲೇಳುವ ಆವಿಗೆ ಸೀಸದ ಲವಣದಲ್ಲಿ ನೆನೆಸಿದ ಕಾಗದ ಹಿಡಿದೆ. ಅದು ಮೊದಲು ಕಂದಿತು, ಬಳಿಕ ಕಪ್ಪಾಯಿತು. ಗಂಧಕವಿದೆ ಎಂಬುದಕ್ಕೆ ಅದು ಸಾಕ್ಷಿ. ಅದು ಬಂದದ್ದು ಎಲ್ಲಿಂದ? ಅನಿಲದಿಂದಲೇ? ರಬ್ಬರ್ ಕೊಳವೆಯಿಂದಲೇ? ಶಹಾಪುರದ ಮಣ್ಣಿನಿಂದಲೇ? ಎಲ್ಲವನ್ನೂ ಎಣ್ಣೆಯಿಲ್ಲದೆ ಪರೀಕ್ಷಿಸಿದೆ. ಕಾಗದ ಬಿಳಿಯಾಗಿಯೇ ಉಳಿಯಿತು. ಹಾಗಾದರೆ ಗಂಧಕ ಡಬ್ಬಿಯಲ್ಲೇ ಇತ್ತು. ಕುಸುಬಿ ಬೀಜದ ಎಣ್ಣೆಯಲ್ಲಿ ಅದು ಅಷ್ಟೊಂದು ಇರಲು ಕಾರಣವಿಲ್ಲ.

“ಸಾಸಿವೆ ಎಣ್ಣೆ ಬೆರೆಸಿದ್ದಾರೆ,” ಎಂದರು ಮೇಲಧಿಕಾರಿಗಳು. ಸಾಸಿವೆಯಲ್ಲಿ ಗಂಧಕವಿರುತ್ತದೆ, ತರ್ಕ ಸರಿಯಿತ್ತು. ಆದರೆ ನಮ್ಮ ಕಡೆ ಸಾಸಿವೆ ಒಗ್ಗರಣೆಗೆ ಸಾಕಾಗುವಷ್ಟು ಬೆಳೆದರೆ ದೊಡ್ಡದು. ಎಣ್ಣೆ ತೆಗೆದು ಕುಸುಬಿಗೆ ಬೆರೆಸುವವರು ಯಾರು? ರಜೆ ಬರೆದುಕೊಟ್ಟು, ಖಾಲಿ ಗಾಜಿನ ಬಾಟಲಿಗಳನ್ನು ಹುಲ್ಲಿನಲ್ಲಿ ಸುತ್ತಿ, ರೈಲು ಹತ್ತಿದೆ.

ಯಾದಗಿರಿಯಲ್ಲಿ ಇಳಿದು, ಊರೊಳಗೆ ಮೊದಲು ಸಿಕ್ಕ ಗಾಣದ ಮನೆಗೆ ಹೋದೆ. ಆಗತಾನೆ ಹಿಂಡಿದ ಕುಸುಬಿ ಎಣ್ಣೆಯನ್ನು ಬಾಟಲಿಗೆ ತುಂಬಿಸಿಕೊಂಡೆ, ಮೂಸಿ ನೋಡಿದೆ. ಹಸಿ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದಂಥ ವಾಸನೆ. ನಾನು ಬಲ್ಲ ಎಣ್ಣೆಯ ವಾಸನೆ ಅದಾಗಿರಲಿಲ್ಲ. ಮತ್ತೊಮ್ಮೆ ಮೂಸಿದೆ. ಗಾಣದವನು ಎತ್ತನ್ನು ನಿಲ್ಲಿಸಿ ನನ್ನನ್ನು ನೋಡಿದ.

“ಏನ್ರಿ, ಎಣ್ಣಿ ತಗೊಳಾಕ ಬಂದೀರೊ, ಮೂಸಾಕ ಬಂದೀರೊ?”

“ಇದು ಕುಸುಬಿ ಎಣ್ಣೀನೇ ಹೌದಲ್ರಿ?”

“ಅಲ್ರಿ, ಗುಲಾಬಿ ಅತ್ತರ. ನಮ್ಮ ಎತ್ತು ನವಾಬರ ಮನಿಂದ ಬಂದದ.”

ಶಹಾಪುರದಲ್ಲೂ ಒಂದು ಗಾಣದಿಂದ ಬಾಟಲಿ ತುಂಬಿಸಿಕೊಂಡೆ. ಅದೇ ಹಸಿ ವಾಸನೆ. ಅಲ್ಲಿಂದ ಸುರಪುರದ ಬಸ್ಸಿನಲ್ಲಿ ಕುಳಿತಾಗ, ಕಾಲ ಬಳಿ ಯಾರದೋ ಕುರಿಮರಿಗಳು ಬಾಟಲಿಯ ಹುಲ್ಲನ್ನು ಎಳೆದು ತಿನ್ನುತ್ತಿದ್ದವು. ಅವನ್ನು ದೂಡುತ್ತ ನಾನು ಒಂದೇ ವಿಷಯ ಯೋಚಿಸಿದೆ. ನಮ್ಮ ಮನೆಯಲ್ಲಿ ಎಣ್ಣೆ ಯಾವಾಗಲೂ ಅಡುಗೆ ಮನೆಯ ಗಡಿಗೆಯಲ್ಲಿರುತ್ತಿತ್ತು. ಗಾಣದಿಂದ ಬಂದು ಆ ಗಡಿಗೆ ಸೇರುವ ನಡುವೆ ಅದಕ್ಕೇನು ಆಗುತ್ತಿತ್ತೆಂದು ನಾನು ಒಮ್ಮೆಯೂ ನೋಡಿರಲಿಲ್ಲ.

ಸುರಪುರದಲ್ಲಿ ಡಬ್ಬಿ ತುಂಬಿಸಿಕೊಟ್ಟ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಕಚೇರಿಯ ಜವಾನನೊಬ್ಬ ಹೈದರಾಬಾದಿಗೆಂದು ಎಣ್ಣೆ ಒಯ್ದದ್ದು ಆ ಓಣಿಗೆಲ್ಲ ಗೊತ್ತಿತ್ತು. ಗಾಣ ಹಿತ್ತಲಲ್ಲಿತ್ತು, ಗಂಡ ಎತ್ತಿನ ಹಿಂದೆ ಸುತ್ತುತ್ತಿದ್ದ. ವ್ಯವಹಾರವೆಲ್ಲ ಹೆಂಡತಿಯದು. ಐವತ್ತರ ಆಸುಪಾಸಿನ ಆಕೆ ಹಿಂಡಿಯನ್ನು ಮುರಿಯುತ್ತ ಕುಳಿತಿದ್ದಳು.

“ಯಾವೂರಾಂವಪಾ ನೀ?”

“ಸಗರದಾಂವ ರೀ ಯವ್ವಾ. ಈಗ ಹೈದ್ರಾಬಾದಿನಾಗ ಇರ್ತೇನಿ.”

“ಅಲ್ಲೇನ ಮಾಡ್ತಿ?”

“ಎಣ್ಣೀನ ತುಪ್ಪದಂಗ ಗಟ್ಟಿ ಮಾಡೂ ಕೆಲಸರಿ.”

“ಎಣ್ಣೀನ ಎಣ್ಣಿ ಆಗಿರಾಕ ಬಿಟ್ರ ನಿಮಗೇನ ತ್ರಾಸ?” ಎಂದಳು. ಹಿಂದಿನಿಂದ ಗಂಡ, “ಆಕೀನ್ನ ಗಟ್ಟಿ ಮಾಡೂದು ಬ್ಯಾಡ ತಮ್ಮಾ, ಮದಲ ಗಟ್ಟಿ ಅದಾಳ,” ಎಂದ. ಆಕೆ ತಿರುಗಿ ನೋಡಲೂ ಇಲ್ಲ.

ನಾನು ಡಬ್ಬಿಯ ವಿಷಯ ತೆಗೆದೆ. ಅದರಲ್ಲಿ ಬೇರೆ ಯಾವುದಾದರೂ ಎಣ್ಣೆ ಬೆರೆತಿತ್ತೇ ಎಂದು ಕೇಳಬೇಕಿತ್ತು. ಕೇಳಿದರೆ ಕಳ್ಳತನ ಹೊರಿಸಿದಂತಾಗುತ್ತಿತ್ತು. ಹಾಗಾಗಿ ಆ ಡಬ್ಬಿ ತುಂಬಿದ್ದು ಹೇಗೆಂದಷ್ಟೇ ಕೇಳಿದೆ.

“ಹೆಂಗ ಅಂದ್ರ? ದೊಡ್ಡ ಸಾಹೇಬರ ಕಡಿ ಹೋಗೂ ಎಣ್ಣಿ ಅಂತ ಜವಾನ ಹೇಳ್ಯಾನ. ಹಸಿ ಎಣ್ಣಿ ಕೊಟ್ಟು ಊರ ಮಾನ ಕಳೀಲೇನು? ಬುರುಗು ಹೋಗೂತನಾ ಕಾಸೀನಿ. ಹುಣಸಿ ಉಂಡಿ ಬಿಟ್ಟೀನಿ. ಬಳ್ಳೊಳ್ಳಿ ಜಜ್ಜಿ ಹಾಕಿ, ಅದು ಕರ್ರಗ ಆಗೂಮಟ ಒಲಿ ಮ್ಯಾಲೆ ಇಟ್ಟು ಸೋಸಿ ಕೊಟ್ಟೀನಿ. ನಮ್ಮ ಮನಿಗಾದ್ರ ನಾಕ ಎಸಳು ಹಾಕ್ತೇನಿ. ಅವರಿಗಂತ ಬೊಗಸಿ ತುಂಬ ಹಾಕೀನಿ.”

ಬೆಳ್ಳುಳ್ಳಿಯ ಘಾಟೆಂದರೆ ಗಂಧಕವೇ. ರಸಾಯನಶಾಸ್ತ್ರದ ವಿದ್ಯಾರ್ಥಿ ಇದನ್ನು ಮೊದಲ ಪುಸ್ತಕಗಳಲ್ಲೇ ಓದುತ್ತಾನೆ. ನನ್ನ ಊರಿನ ವಾಸನೆಯೆಂದು ನಾನು ಎದೆಯುಬ್ಬಿಸಿ ಒಪ್ಪಿಕೊಂಡದ್ದು, ಮನೆಯಲ್ಲಿ ಹೀಗೇ ಎಣ್ಣೆ ಕಾಸುತ್ತಿದ್ದ ನನ್ನ ಅವ್ವನ ಒಲೆಯ ವಾಸನೆಯನ್ನು. ಮೇಲಧಿಕಾರಿಗಳಿಗೆ ಅದು ಕೆಟ್ಟ ಎಣ್ಣೆಯ ನಾತವಾಗಿತ್ತು, ನನಗೆ ಒಳ್ಳೆಯ ಎಣ್ಣೆಯ ಗುರುತು. ಆ ಡಬ್ಬಿಯಲ್ಲಿದ್ದುದು ಬೀಜದ ವಾಸನೆಯಲ್ಲವೆಂದು ಇಬ್ಬರಿಗೂ ಹೊಳೆದಿರಲಿಲ್ಲ.

“ಅವರು ಉಣ್ಣಾಕ ಕೇಳಿದ್ದಿಲ್ಲ ಯವ್ವಾ. ಕಾಸಿ, ಗಾಳಿ ಹಾಯಿಸಿ ನೋಡ್ತಾರ, ಅಷ್ಟ.”

“ಬರೇ ಕಾಸಾಕ ನನ್ನ ಎಣ್ಣಿ ಯಾಕ ಬೇಕು? ಅಲ್ಲಿ ದೀಪಕ್ಕ ಹಾಕೂ ಘಾಸ್ಲೇಟ್ ಸಿಗಂಗಿಲ್ಲೇನು?” ಎಂದಳು. ನಂತರ ದನಿ ಬದಲಿಸಿ, “ನಮ್ಮ ಎಣ್ಣಿ ಕೆಟ್ಟದ ಅಂತ ಸರ್ಕಾರ ಬರದದ ಅಂತಲ್ಲ, ಖರೇನು? ಅಡತಿ ಸಾವಕಾರ ದಿನಾ ಅದನ್ನ ಹೇಳಾಕತ್ತಾನ. ನಾನು ಹೋದ್ರ ಡಬ್ಬಿ ಮುಚ್ಚಳಾನೂ ತಗಿಯಂಗಿಲ್ಲ,” ಎಂದಳು.

ವರದಿ ಇನ್ನೂ ಹೈದರಾಬಾದಿನ ಮೇಜು ಬಿಟ್ಟು ಹೊರಟಿರಲಿಲ್ಲ. ಅದರ ಮಾತು ಮಾತ್ರ ಆಗಲೇ ಸುರಪುರದಲ್ಲಿ ಗಾಣದವರಿಂದ ಎಣ್ಣೆ ಕೊಳ್ಳುವ ಅಡತಿ ಅಂಗಡಿ ಸೇರಿತ್ತು. ಹಸಿ ಎಣ್ಣೆಯನ್ನು ಬಾಟಲಿಗೆ ತುಂಬಿಸಿಕೊಂಡು ಮರಳಿದೆ.

ಮೂರೂ ತಾಲ್ಲೂಕಿನ ಹಸಿ ಎಣ್ಣೆ ಗಟ್ಟಿಯಾಯಿತು. ಶೇಂಗಾ ಎಣ್ಣೆಗಿಂತ ಹೆಚ್ಚು ಹೈಡ್ರೋಜನ್ ಕುಡಿಯಿತು, ಹೆಚ್ಚು ಹೊತ್ತು ಹಿಡಿಯಿತು, ಆದರೆ ಗಾಜಿನ ಪಟ್ಟಿಯ ಮೇಲೆ ಹನಿ ಬೆಳ್ಳಗೆ ಹೆಪ್ಪಾಯಿತು. ಮೇಲಧಿಕಾರಿಗಳು ಅಷ್ಟಕ್ಕೆ ಒಪ್ಪಲಿಲ್ಲ. “ಬದುಕಿದ್ದನ್ನು ತೋರಿಸಿದಿರಿ. ಕೊಂದು ತೋರಿಸಿ,” ಎಂದರು. ಇದು ನ್ಯಾಯವಾದ ಬೇಡಿಕೆ. ಅದೇ ಸುರಪುರದ ಎಣ್ಣೆಯ ಅರ್ಧವನ್ನು ಬೆಳ್ಳುಳ್ಳಿ ಹಾಕಿ ಕಾಸಿದೆ. ಪ್ರಯೋಗಾಲಯವಿಡೀ ಅಡುಗೆ ಮನೆಯಾಯಿತು. ಅವರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕುಳಿತರು. ಗುಳ್ಳೆಗಳು ಎಣ್ಣೆಯನ್ನು ಹಾದು ಸುಮ್ಮನೆ ಹೊರಟುಹೋದವು. ನಿಕಲ್ ಸತ್ತಿತ್ತು. ಬೆಳ್ಳುಳ್ಳಿ ಹಾಕದೆ ಅಷ್ಟೇ ಹೊತ್ತು ಕಾಸಿದ ಇನ್ನರ್ಧ ಗಟ್ಟಿಯಾಯಿತು.

“ಸೋತ ಪಾಲನ್ನು ನನ್ನ ಮನೆಗೆ ಕಳಿಸಿ,” ಎಂದರು. “ಬದನೆಕಾಯಿಗೆ ಇದಕ್ಕಿಂತ ಒಳ್ಳೆಯ ಎಣ್ಣೆ ಸಿಗುವುದಿಲ್ಲ.”

ಅವರು ತಿದ್ದುಪಡಿಯ ಕರಡು ಬರೆದು ನನ್ನ ಮುಂದೆ ಇಟ್ಟರು. ಮೂರು ತಾಲ್ಲೂಕುಗಳ ಎಣ್ಣೆ ಯೋಗ್ಯವೆಂದಿತ್ತು. ಅದರ ಮೇಲಿನ ಸಾಲಿನಲ್ಲಿ, ಮೊದಲ ಮಾದರಿ ಸುರಪುರದ ಸರಬರಾಜುದಾರರ ಕಲಬೆರಕೆಯಿಂದ ಕೆಟ್ಟಿತ್ತೆಂದಿತ್ತು. ಮನೆಯ ಹೆಸರಿಗೆ ಜಾಗ ಖಾಲಿ ಬಿಟ್ಟಿತ್ತು.

“ಇದಕ್ಕೆ ನಾನು ಸಹಿ ಹಾಕುವುದಿಲ್ಲ, ಸಾಹೇಬ್.”

“ನಿಕಲ್ ಸತ್ತದ್ದು ಯಾಕೆಂದು ಕೇಳಬೇಕೆಂದು ಕೂಗಿದವರು ನೀವೇ. ಬೆಳ್ಳುಳ್ಳಿ ಹಾಕಿದ್ದು ಆಕೆ ತಾನೇ?”

“ಹಾಕಿದ್ದು ಆಕೆ. ಹಾಕಬೇಡಿ ಎಂದು ಹೇಳದವರು ನಾವು. ಯಾವ ಎಣ್ಣೆ, ಹೇಗೆ ತೆಗೆಯಬೇಕು, ಯಾತಕ್ಕೆ ಬೇಕು, ಒಂದನ್ನೂ ತಿಳಿಸಲಿಲ್ಲ. ಅತಿಥಿಗೆ ಕೊಡುವಂತೆ ಕೊಟ್ಟಳು. ಅದನ್ನು ಕಲಬೆರಕೆ ಎಂದರೆ ಅಡತಿ ಅಂಗಡಿಯವನು ಆಕೆಯ ಡಬ್ಬಿಯನ್ನು ಈ ಜನ್ಮದಲ್ಲಿ ಮುಟ್ಟುವುದಿಲ್ಲ.”

“ಹೀಗೂ ಮಾಡುತ್ತಾರೆಂದು ಯಾರಿಗೆ ಗೊತ್ತಿತ್ತು?”

“ಗೊತ್ತಿಲ್ಲದ್ದಕ್ಕೇ ಕೇಳಬೇಕಿತ್ತು. ಕೇಳದೆ ಮೂರು ತಾಲ್ಲೂಕುಗಳ ಹೆಸರು ಬರೆಯಲಾಯಿತು.”

ಹೊರಗೆ ಯಾರೋ ಪೆಟ್ಟಿಗೆ ಎಳೆಯುತ್ತಿದ್ದರು. ಅವರು ಕಲಬೆರಕೆಯ ಆ ಸಾಲನ್ನು ಹೊಡೆದುಹಾಕಿ, ತಮ್ಮ ಕೈಯಿಂದ ಬರೆದರು: ಮಾದರಿ ತರಿಸುವ ಸೂಚನೆ ತಮ್ಮದು, ಅದು ಅಪೂರ್ಣವಾಗಿತ್ತು, ಒಂದೇ ಮಾದರಿಯಿಂದ ಪ್ರದೇಶದ ಬಗ್ಗೆ ಅಭಿಪ್ರಾಯ ಕೊಟ್ಟದ್ದು ತಪ್ಪು. ಸಹಿ ಹಾಕಿ ಕಾಗದವನ್ನು ನನ್ನ ಕಡೆ ತಳ್ಳಿದರು. ಜಗಳಕ್ಕೆಂದು ಕಟ್ಟಿಕೊಂಡು ಬಂದಿದ್ದ ಮಾತುಗಳಲ್ಲಿ ಅರ್ಧ ನನ್ನ ಬಾಯಲ್ಲೇ ಉಳಿದವು.

“ಇದರ ಒಂದು ಪ್ರತಿ ಸುರಪುರಕ್ಕೆ ಹೋಗಬೇಕು,” ಎಂದೆ.

“ಇನ್ನೇನು, ಊರೂರಿಗೆ ಡಂಗುರ ಹೊಡೆಸಲೇ?”

“ಮೊದಲ ವಾಕ್ಯಕ್ಕೆ ಯಾರೂ ಡಂಗುರ ಹೊಡೆದಿರಲಿಲ್ಲ, ಸಾಹೇಬ್. ಆದರೂ ಅದು ಸುರಪುರ ಮುಟ್ಟಿತು.”

ಪ್ರತಿಯನ್ನು ನಾನೇ ಒಯ್ದೆ. ಆಕೆಯ ಮನೆಯ ಕಟ್ಟೆಯ ಮೇಲೆ ಕುಳಿತು, ಇಂಗ್ಲಿಷಿನ ಒಂದೊಂದು ಸಾಲನ್ನೂ ಕನ್ನಡಕ್ಕೆ ತಂದು ಓದಿದೆ. ಎತ್ತು ನಿಂತಿತ್ತು; ಗಂಡನೂ ಬಂದು ಕೇಳಿಸಿಕೊಂಡ.

“ಅದರಾಗ ನನ್ನ ಹೆಸರಿಲ್ಲೇನು?” ಎಂದಳು ಆಕೆ.

“ಇಲ್ಲ ಯವ್ವಾ. ನಿಮ್ಮ ಹೆಸರ ಬರಬಾರದು ಅಂತ ಜಗಳಾಡಿ ತಗಿಸೀನಿ.”

“ಯಾಕ? ನಾ ಕಳವು ಮಾಡೀನೇನು?”

ನಾನು ಕಾರಣ ವಿವರಿಸಿದೆ. ಆಕೆ ಪೂರ್ತಿ ಕೇಳಿದಳು. ಒಪ್ಪಿದಂತೆ ಕಾಣಲಿಲ್ಲ.

“ನನಗ ಯಾಕ ಓದ್ತಿ ಇದನ್ನ?” ಎಂದು ಎದ್ದು, ಸೆರಗಿನಿಂದ ಕೈಯ ಹಿಂಡಿ ಒರೆಸಿಕೊಂಡಳು. “ಅಡತಿ ಅಂಗಡ್ಯಾಗ ಓದು, ನಡಿ. ನಾನೂ ಬರ್ತೇನಿ.”

ಅಂಗಡಿಯಲ್ಲಿ ಸಾವಕಾರ ಗಾದಿಯ ಮೇಲಿದ್ದ. ಕೆಳಗೆ ನಾಲ್ಕಾರು ಜನ ಚೀಲಗಳ ಮೇಲೆ ಕುಳಿತಿದ್ದರು. ಆಕೆ ಮೆಟ್ಟಿಲ ಹತ್ತಿರ ನಿಂತು, ಸೆರಗು ತಲೆಗೆಳೆದುಕೊಂಡು, “ಸರ್ಕಾರದ ಕಾಗದ ತಂದೀನ್ರಿ, ಕೇಳ್ರಿ,” ಎಂದಳು. ನಾನು ಓದಿದೆ. ಎಣ್ಣೆ ಯೋಗ್ಯವೆಂಬ ಸಾಲು ಬಂದಾಗ ಚೀಲದ ಮೇಲಿದ್ದವನೊಬ್ಬ ಅದನ್ನು ಇನ್ನೊಮ್ಮೆ ಓದಿಸಿದ.

ಸಾವಕಾರ ಗಲ್ಲ ತುರಿಸಿಕೊಂಡ. “ಅಂದ್ರ ಆ ಡಬ್ಯಾಗ ಏನೋ ಬಿದ್ದಿತ್ತು ಅಂದಂಗಾತು. ಏನಂತ? ಯಾರು ಹಾಕಿದ್ರಂತ?”

ನಾನು ಕಾಗದವನ್ನು ಮಡಿಚಿದೆ. ಅದರಲ್ಲಿ ಅದಕ್ಕೆ ಉತ್ತರವಿಲ್ಲದಂತೆ ನೋಡಿಕೊಂಡವನು ನಾನೇ.

“ಬಳ್ಳೊಳ್ಳಿ,” ಎಂದಳು ಆಕೆ. “ನಾನೇ ಹಾಕೀನಿ. ಕಾಗದದಾಗ ಬರದಿಲ್ಲಂತ, ಅದಕ್ಕ ಬಾಯಿಲೆ ಹೇಳಾಕ ಬಂದೀನಿ. ದೊಡ್ಡ ಮಂದಿ ಅಂತ ಬೊಗಸಿ ತುಂಬ ಹಾಕೀನಿ. ಇನ್ನ ನೀವು ಡಬ್ಬಿ ಮುಚ್ಚಳಾ ತಗೀತೀರೋ ಇಲ್ಲೊ ಹೇಳ್ರಿ, ಮನ್ಯಾಗ ಎತ್ತು ನಿಂತದ.”

ಚೀಲದ ಮೇಲಿದ್ದವರು ನಕ್ಕರು. ಸಾವಕಾರ ನಗಲಿಲ್ಲ. ಗಾದಿಯ ಮೇಲಿಂದ ಇಳಿದು, ಮೆಟ್ಟಿಲ ತನಕ ಬಂದು, “ನಾಳಿ ಡಬ್ಬಿ ತಗೊಂಡ ಬಾ, ನೋಡೂನು,” ಎಂದ.